ನಂಬಿಕಸ್ಥರ ಕಾಲು ಗಂಟೆ

ಹೆಂಡತಿ ಅಳುತ್ತಿದ್ದಾಗ ದೇವರಾಜನಿಗಿದ್ದ ನೆಮ್ಮದಿ ಅವಳು ನಗಲು ಶುರು ಮಾಡಿದ ಮೇಲೆ ಹೋಯಿತು. ಹಾಗೆಂದು ಅವನನ್ನು ಕಟುಕ ಎಂದುಕೊಳ್ಳಬೇಡಿ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಸಾಧು ಮನುಷ್ಯ. ಇಲಿ ಪಾಷಾಣ ಮಾರುವಾಗಲೂ ಇಲಿಗಳಿಗಾಗಿ ಒಂದು ಕ್ಷಣ ಮರುಗುವವನು.

ಮೂರು ತಿಂಗಳ ಹಿಂದೆ ಅವನ ಹೆಂಡತಿ ಮೇಘಶ್ರೀಯ ತಾಯಿ ದೊಡ್ಡತಾಯಮ್ಮ ತೀರಿಕೊಂಡಿದ್ದರು. ಅಂದಿನಿಂದ ಮೇಘಶ್ರೀ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಕೊನೆಗೆ ಗಂಡನನ್ನು ಬೈಯುವುದನ್ನೂ ಬಿಟ್ಟಳು. ಆಗ ದೇವರಾಜ ನಿಜಕ್ಕೂ ಹೆದರಿದ. ತಾನೇ ಸಾರು ಮಾಡಿದ (ತಿಂದ ಮೇಲೆ ಅವಳ ಅಳು ಹೆಚ್ಚಾಯಿತು ಎಂಬುದು ಬೇರೆ ಮಾತು), ಸಂಜೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಅವನ ಹೆಗಲಿಗೆ ಅಷ್ಟು ಹೊತ್ತು ಒರಗಿದ್ದೇ ಇಲ್ಲ.

ಕೊನೆಗೆ ಅವನೇ ಅವಳನ್ನು ಆಪ್ತ ಸಮಾಲೋಚಕ ಅನಿಲ್‌ಕುಮಾರನ ಬಳಿಗೆ ಕರೆದುಕೊಂಡು ಹೋದ. ಆತ ಮಾತ್ರೆ ಬರೆಯಲಿಲ್ಲ.

"ಬೆಳಿಗ್ಗೆ ಹತ್ತು ನಿಮಿಷ ಎಳೆ ಬಿಸಿಲಲ್ಲಿ ಕೂತ್ಕೊಳ್ಳಿ. ಹಸಿವಿಲ್ದಿದ್ರೂ ಹೊತ್ತಿಗೆ ಸರಿಯಾಗಿ ನಾಲ್ಕು ತುತ್ತು ತಿನ್ನಿ. ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ. ಮುಖ್ಯವಾಗಿ, ದಿನಾ ಕಾಲು ಗಂಟೆ ನಂಬಿಕಸ್ಥರ ಹತ್ರ ಮನಸ್ಸಲ್ಲಿರೋದು ಹೇಳ್ಕೊಳ್ಳಿ" ಎಂದ.

ದೇವರಾಜ ಕುರ್ಚಿಯಲ್ಲಿ ನೆಟ್ಟಗೆ ಕೂತ. ನಂಬಿಕಸ್ಥರ ಹುದ್ದೆಗೆ ತನ್ನದೊಂದೇ ಅರ್ಜಿ ಎಂದು ಅವನ ಎಣಿಕೆ.

ಮರುದಿನ ಐದಕ್ಕೇ ಅಂಗಡಿ ಬಾಗಿಲು ಎಳೆದು ಬಂದ. ಕೈಕಾಲು ತೊಳೆದು, ಕೇಳಿಸಿಕೊಳ್ಳುವವನ ಮುಖ ಮಾಡಿಕೊಂಡು ಕೂತ. ಐದೂವರೆಗೆ ಮೇಘಶ್ರೀ ಫೋನು ಹಿಡಿದು, ಅವನನ್ನು ದಾಟಿಕೊಂಡು ಮಹಡಿ ಹತ್ತಿ ಹೋದಳು.

ಕಾಲು ಗಂಟೆ ಅಂದದ್ದು ಮುಕ್ಕಾಲು ಗಂಟೆಯಾಯಿತು. ಮೊದಮೊದಲು ಮೇಲಿನಿಂದ ಬಿಕ್ಕಳಿಕೆ ಕೇಳಿಸುತ್ತಿತ್ತು. ಆಮೇಲಾಮೇಲೆ ಕಿಸಕ್ಕನೆ ನಗು. ಹದಿನೈದು ದಿನದಲ್ಲಿ ಅವಳ ಮುಖಕ್ಕೆ ಕಳೆ ಬಂತು. ದೇವರಾಜನ ಮನಸ್ಸಿಗೂ ಕಳೆ ಬಂತು, ಆದರೆ ಅದು ಹೊಲದಲ್ಲಿ ಬರುವ ಕಳೆ. ಅಂಗಡಿ ತುಂಬ ಔಷಧಿ ಇದ್ದರೂ ಇದಕ್ಕೆ ಹೊಡೆಯುವಂಥದ್ದು ಇರಲಿಲ್ಲ.

"ಯಾರ ಜೊತೆ ಅಷ್ಟೊಂದು ಮಾತು?"

"ನಂಬಿಕೆ ಇರೋರ ಜೊತೆ."

"ನನ್ ಮೇಲೆ ನಂಬಿಕೆ ಇಲ್ವಾ ಅಂಗಾರೆ?"

"ನಿಮ್ ಮೇಲೆ ಐತೆ ಕಣ್ರೀ, ನಿಮ್ ಕಿವಿ ಮೇಲಿಲ್ಲ. ಮೊನ್ನೆ ಅವ್ವನ ಸೀರೆ ಮಡಚ್ತಾ ಅಳ್ತಿದ್ರೆ, ಫೋನ್ ಎತ್ತಿ ಯೂರಿಯಾ ಲೋಡು ಎಲ್ಲಿಗೆ ಬಂತು ಅಂತ ಕೇಳುದ್ರಲ್ಲ."

ಅನುಮಾನ ನೇರವಾಗಿ ಅನಿಲ್‌ಕುಮಾರನ ಮೇಲೆ ಹೋಗಿ ಕೂತಿತು. ಆ ಮೆತ್ತನೆಯ ದನಿ, ಆ ಗರಿಗರಿ ಇಸ್ತ್ರಿಯ ಅಂಗಿ. ತಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಒಪ್ಪಿಸಿ ಬಂದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಗುರುವಾರ ಐದೂಕಾಲಿಗೇ ಸದ್ದಿಲ್ಲದೆ ಮಹಡಿ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತ.

ಮೇಘಶ್ರೀ ಬಂದಳು, ಮಾತು ಶುರುವಾಯಿತು. ಅಷ್ಟರಲ್ಲಿ ಟ್ಯಾಂಕು ತುಂಬಿ, ಹೊರಚೆಲ್ಲುವ ಕೊಳವೆಯ ನೀರು ಸೀದಾ ಅವನ ನೆತ್ತಿಗೆ ಬಿತ್ತು. ಸತ್ಯಶೋಧನೆಯಲ್ಲಿ ಇಂಥ ಅಭಿಷೇಕಗಳು ಸಹಜ ಎಂದು ಹಲ್ಲು ಕಚ್ಚಿ ತಡೆದುಕೊಂಡ. ಆದರೆ "ನೀವಿಲ್ದಿದ್ರೆ ನಾನು ಎದ್ದು ಓಡಾಡ್ತಾನೇ ಇರ್ಲಿಲ್ಲ" ಎಂಬ ಮಾತು ಬಿದ್ದಾಗ ತಡೆಯಲಾಗಲಿಲ್ಲ. ತೊಟ್ಟಿಕ್ಕುತ್ತಲೇ ಎದ್ದು ಬಂದು ಫೋನು ಕಿತ್ತುಕೊಂಡ.

"ಯಾರ್ರೀ ನೀವು? ಸಂಸಾರಸ್ಥೆ ಹತ್ರ ದಿನಾ ಏನ್ರೀ ಮಾತು?"

"ನಿಮ್ಮಪ್ಪನ ಎಂಡ್ತಿ ಕಣ್ಲಾ" ಎಂದಿತು ಆ ಕಡೆಯ ದನಿ.

ನುಗ್ಗೇಹಳ್ಳಿಯಲ್ಲಿ ಅವನ ಅಣ್ಣನ ಮನೆಯಲ್ಲಿರುವ ತಾಯಿ ಪುಟ್ಟತಾಯಮ್ಮ. ಎಂಟು ವರ್ಷದ ಹಿಂದೆ ಸೊಸೆ ಮಾಡಿದ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಜಗಳವಾಗಿ, "ಬಂದ್ಯಾ, ಉಂಡ್ಯಾ" ಬಿಟ್ಟರೆ ಬೇರೆ ಮಾತೇ ಇಲ್ಲದ ಅತ್ತೆ.

ದೇವರಾಜ ಫೋನು ವಾಪಸ್ಸು ಕೊಟ್ಟ. "ಅವ್ವನ್ ಜೊತೆ ಆಡೋದನ್ನ ನನ್ ಜೊತೆ ಆಡ್ಬೋದಿತ್ತಲ್ಲ" ಎಂದ. ದನಿ ಅವನಿಗೇ ಚಿಕ್ಕದಾಗಿ ಕೇಳಿಸಿತು.

"ನಿಮ್ಗೆ ನಿಮ್ಮವ್ವ ಇದಾರೆ. ಅವ್ವ ಇಲ್ದಿರೋದು ಹೆಂಗಿರ್ತದೆ ಅಂತ ನಿಮ್ಗೆ ತಿಳಿಯಲ್ಲ. ತಿಥಿ ಮುಗಿದ ವಾರಕ್ಕೆ ಅತ್ತೆ ಫೋನ್ ಮಾಡಿ, 'ನಂಗೂ ಅವ್ವ ಇಲ್ಲ ಕಣವ್ವ, ಮಾತಾಡು' ಅಂದಿದ್ರು. ಆ ಮಾತು ಮನಸ್ಸಲ್ಲೇ ಉಳಿದಿತ್ತು" ಎಂದಳು ಮೇಘಶ್ರೀ.

ಪರಪುರುಷನಾಗಿದ್ದರೆ ಹೋಗಿ ಕೊರಳಪಟ್ಟಿಯಾದರೂ ಹಿಡಿಯಬಹುದಿತ್ತು. ಈಗ ಹೆಂಡತಿಯ ಮೇಲೂ ಹೊಟ್ಟೆಕಿಚ್ಚು, ತಾಯಿಯ ಮೇಲೂ ಹೊಟ್ಟೆಕಿಚ್ಚು. (ಆ ತಾಯಿ ಮಗನಿಗೆ ಫೋನು ಮಾಡುವುದು ಹಬ್ಬಕ್ಕೊಮ್ಮೆ.)

"ನಂಗೂ ಒಬ್ರು ನಂಬಿಕಸ್ಥರು ಬೇಕು ಕಣೆ."

"ಐದೂವರೆಗೆ ಆಗಲ್ಲ, ಅದು ಅತ್ತೆ ಟೈಮು. ತಲೆ ಒರೆಸ್ಕೊಂಡು ಆರೂವರೆಗೆ ಬನ್ನಿ."

ಆರೂವರೆಗೆ ಅವನು ಒಣಗಿದ ಅಂಗಿ ತೊಟ್ಟು ಹೋಗಿ ಅವಳೆದುರು ಕೂತ. ಹೇಳಿ ಎಂದಳು. ಅವನು ಕೈಬೆರಳು ನೋಡಿಕೊಳ್ಳುತ್ತಾ, "ಹದಿನೈದು ದಿನದಿಂದ ಹೊಟ್ಟೆ ಉರೀತಾ ಇತ್ತು ಕಣೆ" ಎಂದ.

"ಗೊತ್ತು. ಅತ್ತೆ ಮೊದ್ಲನೇ ದಿನಾನೇ ಅಂದಿದ್ರು. 'ತಡೀವ್ವ, ಹದಿನೈದು ದಿನದೊಳಗೆ ಟ್ಯಾಂಕಿನ ಹಿಂದೆ ಬಂದು ಕೂತ್ಕತಾನೆ' ಅಂತ" ಎಂದಳು ಮೇಘಶ್ರೀ. ಆಮೇಲೆ ಅವನ ಒದ್ದೆ ಕೂದಲನ್ನು ಸೆರಗಿನಿಂದ ಒತ್ತುತ್ತಾ, "ಇವತ್ತು ನೀವು ಮಹಡಿ ಹತ್ತಿದ್ದು ಕಂಡೆ, ಅದಕ್ಕೇ ಮೋಟಾರು ಆಫ್ ಮಾಡ್ಲಿಲ್ಲ" ಎಂದಳು.