ಶರಬತ್ತು ಕಂಪನಿ ಮತ್ತು ನನ್ನ ಲಾಭಾಂಶ ನೀತಿ

ಕಂಪನಿ ನಡೆಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ಆಗಷ್ಟೇ ತೆರೆದಿದ್ದ ಪುಟ್ಟ ಕಾಲೇಜೊಂದರಲ್ಲಿ ನಾನು ವಾಣಿಜ್ಯದ ಮೇಷ್ಟ್ರು. ಬಂಡವಾಳದ ರಚನೆ, ಅಪಾಯದ ಅಂದಾಜು, ಲಾಭಾಂಶದ ನೀತಿ, ಇವನ್ನೆಲ್ಲ ಪುಸ್ತಕ ತೆರೆಯದೆ ಪಾಠ ಮಾಡುತ್ತಿದ್ದೆ. ಸ್ವಂತಕ್ಕೆ ಒಂದು ಪಾನ್ ಅಂಗಡಿಯನ್ನೂ ನಡೆಸಿದವನಲ್ಲ ಎಂಬುದು ಬೇರೆ ಮಾತು.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ನಿಂಬೆಹಣ್ಣಿನ ಧಾರಣೆ ಕುಸಿದು, ರೈತರು ಬುಟ್ಟಿಗಟ್ಟಲೆ ಹಣ್ಣನ್ನು ಸಿಕ್ಕಷ್ಟಕ್ಕೆ ಕೊಟ್ಟು ಹೋಗುತ್ತಿದ್ದರು. ನನ್ನ ಹೆಂಡತಿ ಸುಶೀಲಾ ನಿಂಬೆ ಶರಬತ್ತು ಮಾಡಿ ಬಾಟಲಿಗೆ ತುಂಬಿಟ್ಟಳು. ಕುಡಿದವರೆಲ್ಲ ಹೊಗಳಿದರು. ನಾನು ಲೋಟ ಕೆಳಗಿಟ್ಟು ಘೋಷಿಸಿದೆ: "ಇದನ್ನ ಕಂಪನಿ ಮಾಡೋಣು!"

"ಮದಲ ಲೋಟ ತೊಳೀರಿ," ಎಂದಳು ಸುಶೀಲಾ.

ಆದರೂ ಬ್ಲೌಸು ಹೊಲಿದು ಕೂಡಿಟ್ಟಿದ್ದ ತನ್ನ ರೊಕ್ಕವನ್ನು ಅವಳೇ ಮೊದಲು ಹಾಕಿದಳು. ಎರಡನೆಯ ಶೇರುದಾರರು ಮನೆಯೊಡತಿ ಗಂಗಾಬಾಯಿ. ಅವರು ನಮ್ಮ ಬಾಡಿಗೆಯನ್ನೇ ಬಂಡವಾಳವೆಂದು ಬಿಟ್ಟರು. ಮೂರನೆಯವರು ನಮ್ಮ ಪ್ರಿನ್ಸಿಪಾಲರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸ್ವಂತ ಬಂಡವಾಳದ ಜೊತೆ ತಕ್ಕಷ್ಟು ಸಾಲವೂ ಇದ್ದರೆ ಕಂಪನಿಗೆ ಬಲ ಎಂದು ನಾನೇ ಪಾಠ ಮಾಡಿದ್ದೆನಲ್ಲ! ಕಾಳಿನ ವ್ಯಾಪಾರಿ ರುದ್ರಪ್ಪ ಸಾವ್ಕಾರರ ಅಂಗಡಿಗೆ ಸೈಕಲ್ ತುಳಿದುಕೊಂಡು ಹೋದೆ.

"ಲಾಭ ಬಾಳ ಆತಂದ್ರ ನನಗ ಹೆಚ್ಚಿಗಿ ಕೊಡ್ತೀರೇನು?" ಎಂದು ಸಾವ್ಕಾರರು ಕೇಳಿದರು.

"ಇಲ್ರಿ. ಬಡ್ಡಿ ಅಷ್ಟ."

"ಲುಕ್ಸಾನ ಆದ್ರ?"

"ಆಗೂದಿಲ್ರಿ."

"ಚಲೋ ಆತು. ಹಂಗಾರ ಸೈಕಲ್ಲು ಇಲ್ಲೇ ಬಿಟ್ಟ ಹೋಗ್ರಿ."

ಕಂಪನಿಯ ಅಧ್ಯಕ್ಷನಾದ ನಾನು ಮನೆಗೆ ನಡೆದುಕೊಂಡು ಬಂದೆ.

ಮೊದಲ ಸಲದ ಶರಬತ್ತನ್ನು ಝಳಕಿಯ ರಸ್ತೆ ಬದಿಯ ಹೋಟೆಲುಗಳಿಗೆ ಕಳಿಸಿದೆವು. ಲಾರಿ ಡ್ರೈವರುಗಳು ಗಟಗಟ ಕುಡಿದರು. ಬಾಟಲಿ ಖಾಲಿಯಾದವು, ರೊಕ್ಕ ಬಂತು. ಶೇರುದಾರರ ಸಭೆ ನಮ್ಮ ಪಡಸಾಲೆಯಲ್ಲಿ ಸೇರಿತು. ನಾನು ಎದ್ದು ನಿಂತು, ಕಂಪನಿಗೆ ಲಾಭವಾಗಿದೆಯೆಂದೂ, ಆದರೆ ಅದನ್ನು ಈಗಲೇ ಹಂಚದೆ ಕಂಪನಿಯಲ್ಲೇ ಉಳಿಸಿ ಬೆಳೆಸುವುದು ದೂರದೃಷ್ಟಿಯ ನೀತಿಯೆಂದೂ ಗಂಭೀರವಾಗಿ ನಿವೇದಿಸಿದೆ.

ಗಂಗಾಬಾಯಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಲಾಭ ಆಗೇತಿ ಅಂತೀರಿ. ಕೊಡೂದಿಲ್ಲ ಅಂತೀರಿ. ಕೊಡದಿದ್ರ ಆಗೇತಿ ಅಂತ ಯಾಕ ಹೇಳಿದ್ರಿ, ಮಾಸ್ತರ?"

ಈ ಪ್ರಶ್ನೆ ನನ್ನ ಪುಸ್ತಕದಲ್ಲಿ ಇರಲಿಲ್ಲ. ಪ್ರಿನ್ಸಿಪಾಲರ ಮುಖ ನೋಡಿದೆ. ಅವರೂ ಕೈ ಚಾಚಿಯೇ ಕೂತಿದ್ದರು! ಸುಶೀಲಾಳಂತೂ ಆ ರೊಕ್ಕದಲ್ಲಿ ಕೊಳ್ಳಬೇಕಾದ ಇಳಕಲ್ ಸೀರೆಯ ಬಣ್ಣವನ್ನೂ ಆರಿಸಿಯಾಗಿತ್ತು. ನಾನು ಉದಾರಿಯಾದೆ. ಬಂದದ್ದನ್ನೆಲ್ಲ ಲಾಭಾಂಶವೆಂದು ಹಂಚಿಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ, ಯಾಕೆಂದರೆ ಆಮೇಲೆ ಯಾರೂ ಹೊಡೆಯಲಿಲ್ಲ.

ಎರಡನೆಯ ಸಲ ಶರಬತ್ತು ಮಾಡುವಾಗ ಸಕ್ಕರೆಗೆ ರೊಕ್ಕ ಸಾಲಲಿಲ್ಲ. ರೇಶನ್ ಸಕ್ಕರೆ ಚಹಾಕ್ಕೇ ಸಾಕಾಗುತ್ತಿರಲಿಲ್ಲ, ಹೊರಗಿನದು ತುಟ್ಟಿ. ಇದ್ದಷ್ಟು ಸಕ್ಕರೆಗೆ ಒಂದಿಷ್ಟು ಬೆಲ್ಲ, ಒಂದಿಷ್ಟು ನೀರು ಸೇರಿಸಿದೆವು.

"ಪಾಕಕ್ಕ ಎಳಿ ಬಂದಿಲ್ರಿ," ಎಂದಳು ಸುಶೀಲಾ, ಸೌಟು ಎತ್ತಿ ತೋರಿಸುತ್ತಾ.

"ಎಳಿ ಬರಾಕ ಸಕ್ಕರಿ ಬೇಕು. ಸಕ್ಕರಿಗೆ ರೊಕ್ಕ ಬೇಕು. ರೊಕ್ಕ ಶೇರುದಾರರು ಒಯ್ದಾರ!" ಎಂದೆ.

ಹೊಸ ಸೀರೆಯುಟ್ಟಿದ್ದ ಶೇರುದಾರಳು ಸೆರಗು ಸಿಕ್ಕಿಸಿಕೊಂಡು ಬಾಟಲಿಗೆ ತುಂಬಿದಳು. ನಾನು ಬೂಚುಗಳನ್ನು ಬಡಿದು ಬಡಿದು ಗಟ್ಟಿ ಮಾಡಿದೆ.

ಝಳಕಿಗೆ ಹೋಗುವ ಗಾಡಿ ಸಿಗಲು ಕೆಲವು ದಿನ ಬೇಕಿತ್ತು. ಎಲ್ಲ ಸರಕನ್ನೂ ಒಂದೇ ಮನೆಯಲ್ಲಿ ಇಡುವುದು ಅಪಾಯವೆಂದು ನನ್ನ ವಿದ್ಯೆ ಎಚ್ಚರಿಸಿತು. ಆದ್ದರಿಂದ ಅಪಾಯವನ್ನು ಹಂಚಿದೆ. ಒಂದು ಪಾಲು ಸಾವ್ಕಾರರ ಅಂಗಡಿಗೆ, ಒಂದು ಪಾಲು ತಂಪಾಗಿರುತ್ತದೆಂದು ಗಂಗಾಬಾಯಿಯವರ ದೇವರ ಕೋಣೆಗೆ, ಇನ್ನೊಂದು ಪ್ರಿನ್ಸಿಪಾಲರ ಮನೆಯ ಮಂಚದ ಕೆಳಗೆ. ಅಪಾಯ ಇಷ್ಟು ಸಮನಾಗಿ ಹಂಚಿಕೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ!

ಒಂದು ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಒರಗಿದ್ದೆ. ಸಾವ್ಕಾರರು ನನ್ನದೇ ಸೈಕಲ್ ಹತ್ತಿ ನನ್ನ ಬಾಗಿಲಿಗೆ ಬಂದರು. ಅವರ ಧೋತರವೆಲ್ಲ ಒದ್ದೆ.

"ಮಾಸ್ತರ! ನಿಮ್ಮ ಶರಬತ್ತು ಹಾರಾಕತ್ತೈತಿ! ಶೇಂಗಾ ಚೀಲೆಲ್ಲಾ ತೊಯ್ದು ತಪ್ಪಡಿ ಆಗ್ಯಾವು!"

ಅವರ ಮಾತು ಮುಗಿಯುವುದರೊಳಗೆ ಗಂಗಾಬಾಯಿಯವರ ದೇವರ ಕೋಣೆಯಿಂದ ಢಮ್ಮೆಂದು ಸದ್ದು ಬಂತು. ಹಿಂದೆಯೇ ಗಂಗಾಬಾಯಿ ಬಂದರು. ಹಣೆಯ ವಿಭೂತಿ ಕರಗಿ ಕೆನ್ನೆಗಿಳಿದಿತ್ತು.

"ದೇವರ ಮುಂದ ಸಾರಾಯಿ ಅಂಗಡಿ ನಾತ ಹೊಂಟೈತ್ರೀ! ಏನು ತುಂಬಿಟ್ಟೀರಿ ಅದರಾಗ?"

ಆಗ ನೆನಪಾಯಿತು. ಮೂರನೆಯ ಪಾಲು ಪ್ರಿನ್ಸಿಪಾಲರ ಮಂಚದ ಕೆಳಗಿತ್ತು. ಆ ಮಂಚದ ಮೇಲೆ ಆ ಹೊತ್ತಿಗೆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಕೂತಿರಬೇಕಿತ್ತು! ಯಾರ ನೌಕರಿ ಕಾಯಂ ಮಾಡುವುದು, ಯಾರನ್ನು ಮನೆಗೆ ಕಳಿಸುವುದು ಎಂದು ನಿರ್ಧರಿಸಲು ಅವರು ವಿಜಾಪುರದಿಂದ ಬಂದಿದ್ದರು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

"ಸಾವ್ಕಾರ್ರ, ಸೈಕಲ್ ಕೊಡ್ರಿ!"

"ಅದು ಅಡವಿನ ಮಾಲು. ಹಂಗೆಲ್ಲಾ ಕೊಡಾಕ ಬರೂದಿಲ್ಲ. ಹಿಂದ ಕುಂದರ್ರಿ, ಬಿಟ್ಟ ಬರ್ತೇನಿ."

ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ, ನನಗೆ ಸಾಲ ಕೊಟ್ಟವರ ಬೆನ್ನು ಹಿಡಿದು, ಇಂಡಿಯ ಪೇಟೆಯ ನಡುವೆ ನನ್ನ ಮೆರವಣಿಗೆ ಹೊರಟಿತು.

ಪ್ರಿನ್ಸಿಪಾಲರ ಮನೆಯಲ್ಲಿ ಎಲ್ಲವೂ ಶಾಂತವಾಗಿತ್ತು. ದೊಡ್ಡ ರುಮಾಲು ಸುತ್ತಿದ ಅಧ್ಯಕ್ಷರು ಮಂಚದ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದರು. "ಇವ್ರ ನೋಡ್ರಿ, ನಮ್ಮ ವಾಣಿಜ್ಯದ ಮಾಸ್ತರು," ಎಂದು ಪ್ರಿನ್ಸಿಪಾಲರು ಹೆಮ್ಮೆಯಿಂದ ಪರಿಚಯಿಸಿದರು.

"ಏನು ಕಲಸ್ತೀರಿ?" ಎಂದರು ಅಧ್ಯಕ್ಷರು.

ಮಂಚದಿಂದ ಏಳಿರೆಂದು ಅಂಥವರಿಗೆ ಹೇಳುವುದು ಹೇಗೆ? ನನ್ನ ಕಣ್ಣು ಅವರ ಕಾಲ ಬಳಿಯೇ ಇತ್ತು. "ಕಂಪನಿ ಹಣಕಾಸ್ರಿ. ಅಪಾಯ ಬರೂದನ್ನ ಮದಲ ಅಂದಾಜು ಮಾಡೂದು ಹೆಂಗಂತ..."

ಢಮ್!

ಅಧ್ಯಕ್ಷರ ಎರಡೂ ಕಾಲು ಮಂಚದ ಮೇಲೆ ಬಂದವು. ಚುರುಮುರಿ ನೆಲಕ್ಕೆ ಬಿತ್ತು. ಢಮ್! ರುಮಾಲು ಕಳಚಿತು. ಢಮ್! ಪ್ರಿನ್ಸಿಪಾಲರು ಬಾಗಿಲ ಹಿಂದೆ ಸೇರಿದರು. ಹುಳಿತ ಬೆಲ್ಲದ ಘಾಟು ಕೋಣೆಯನ್ನೆಲ್ಲ ತುಂಬಿತು.

ಕೊನೆಗೆ ಸದ್ದು ನಿಂತಿತು. ಅಧ್ಯಕ್ಷರು ಬಗ್ಗಿ, ಮಂಚದ ಕಾಲಿಗೆ ಅಂಟಿದ್ದ ನೊರೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು.

"ಮಾಸ್ತರ, ಇದು ಏನ್ರಿ?"

"ಶರಬತ್ತು."

"ಶರಬತ್ತು ಐತೇನು ಇದು?"

"ಆಗಿತ್ರಿ," ಎಂದೆ.

ಅವರು ನನ್ನನ್ನು ನೋಡಿದರು. ಬಾಗಿಲ ಹಿಂದಿದ್ದ ಪ್ರಿನ್ಸಿಪಾಲರನ್ನು ನೋಡಿದರು. ಹೊಸ್ತಿಲಲ್ಲಿ ನನ್ನ ಸೈಕಲ್ ಹಿಡಿದು ನಿಂತಿದ್ದ ಸಾವ್ಕಾರರನ್ನೂ ನೋಡಿದರು. ನಾನು ತೊದಲುತ್ತಾ ಕಂಪನಿಯ ಚರಿತ್ರೆಯನ್ನೆಲ್ಲ ಒಪ್ಪಿಸಿದೆ. ಲಾಭಾಂಶದ ಸಭೆಗೆ ಬರುವಷ್ಟರಲ್ಲಿ ಅಧ್ಯಕ್ಷರ ಹೊಟ್ಟೆ ಕುಲುಕತೊಡಗಿತ್ತು. ಕಣ್ಣೀರು ಒರೆಸಿಕೊಂಡು ಅವರು ತೀರ್ಪು ಕೊಟ್ಟರು: "ಇವ್ರನ್ನ ಕಾಯಂ ಮಾಡ್ರಿ. ಹೊರಗ ಧಂದೆ ಮಾಡೂದಕ್ಕಿಂತ ಒಳಗ ಪಾಠ ಮಾಡ್ಕೋತ ಇರೂದ ಊರಿಗೆ ಚಲೋ!"

ಹೀಗೆ ನನ್ನ ನೌಕರಿ ಗಟ್ಟಿಯಾಯಿತು. ಯೋಗ್ಯತೆಯಿಂದಲ್ಲ, ಸಾರ್ವಜನಿಕ ಹಿತದೃಷ್ಟಿಯಿಂದ!

ಕಂಪನಿಯನ್ನು ವಿಧಿವತ್ತಾಗಿ ಮುಚ್ಚಲು ಕೊನೆಯ ಸಭೆ ಸೇರಿತು. ಮೊದಲು ಸಾಲ ಕೊಟ್ಟವರ ಬಾಕಿ ತೀರಬೇಕು, ಆಮೇಲೆ ಉಳಿದದ್ದೆಲ್ಲ ಶೇರುದಾರರಿಗೆ ಎಂದು ವಿವರಿಸಿದೆ. ಸಾವ್ಕಾರರು ಸೈಕಲ್ಲನ್ನೇ ಇಟ್ಟುಕೊಂಡು, ಶೇಂಗಾದ ಮಾತನ್ನು ದೊಡ್ಡ ಮನಸ್ಸಿನಿಂದ ಬಿಟ್ಟರು.

"ಉಳಿದದ್ದು ನಮಗ ಅಂದ್ರಲ್ಲ, ಏನು ಉಳಿದೈತಿ?" ಎಂದರು ಗಂಗಾಬಾಯಿ.

ಎಲ್ಲರೂ ಸುತ್ತ ನೋಡಿದರು. ಒಡೆದ ಗಾಜು ಬಿಟ್ಟರೆ ಅಲ್ಲಿ ಉಳಿದಿದ್ದವನು ನಾನೊಬ್ಬನೇ.

ಮರುದಿನ ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿ, ಗಂಗಾಬಾಯಿಯವರ ದೇವರ ಕೋಣೆಯಲ್ಲಿ ಏಣಿ ಹತ್ತಿ, ಕಲೆ ಬಿದ್ದ ಗೋಡೆಗೆ ಸುಣ್ಣ ಹೊಡೆಯುತ್ತಿದ್ದೆ. ಹಾದಿಯಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿ, "ಏನ್ರಿ ಮಾಸ್ತರ, ಏನು ನಡಸೀರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ, ಕೆಳಗೆ ಏಣಿ ಹಿಡಿದಿದ್ದ ಸುಶೀಲಾ ಉತ್ತರಿಸಿದಳು: "ಲಾಭಾಂಶ ಹಂಚಾಕತ್ತಾರ್ರೀ, ಸರ್! ಮುಂದಿನ ಪಾಳಿ ನಿಮ್ಮ ಮನೀದು!"

ಗಂಗಾಬಾಯಿ ಬಂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಕೆಲಸ ಒಪ್ಪಿಗೆಯಾಗಲಿಲ್ಲ. ಇನ್ನೊಂದು ಕೈ ಹೊಡೆಯಬೇಕಾಯಿತು!