ನಮ್ಮ ವಾರಪತ್ರಿಕೆಯ ದಾಖಲೆಗಳನ್ನು ನಾನು ಜೋಪಾನ ಮಾಡಿದ್ದು

ಮಾನ ಹೋಗುವ ಪ್ರಸಂಗ ಕೆಲವರಿಗೆ ಜನ್ಮಕ್ಕೊಂದು ಬರುತ್ತದೆ. ನನಗೆ ಅವು ನಮ್ಮ ವಾರಪತ್ರಿಕೆಯ ಹಾಗೆ, ಮಳೆ ಬರಲಿ ಬಿಡಲಿ, ತಪ್ಪದೆ ಬರುತ್ತಿದ್ದವು.

ಎರಡು ಸಾವಿರದ ಆರೋ ಏಳೋ ಇರಬೇಕು. ಗಜೇಂದ್ರಗಡದಿಂದ ಹೊರಡುತ್ತಿದ್ದ ನಾಲ್ಕು ಪುಟದ ಪತ್ರಿಕೆಯೊಂದರಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ನಮ್ಮ ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮಗಳು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುತ್ತಾಳೆ ಅನ್ನುವುದೇ ಅವರಿಗೆ ದೊಡ್ಡ ಹೆಮ್ಮೆ. ರೋಣ, ನರಗುಂದ, ಗಜೇಂದ್ರಗಡ ಮತ್ತು ಸುತ್ತಲಿನ ಹಳ್ಳಿಗಳ ಸುದ್ದಿ ನಮ್ಮಲ್ಲಿ ಬರುತ್ತಿತ್ತು. ಹಳೆಯ ಸಂಚಿಕೆಗಳನ್ನು ಅಟ್ಟದ ಮೇಲಿಟ್ಟಿದ್ದರು. ಅವುಗಳನ್ನು ಗೆದ್ದಲು ಓದಿ ಮುಗಿಸಿತ್ತು.

ಸಂಪಾದಕರ ಅಳಿಯ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅವರು ಬಂದು ನಮ್ಮ ಯಂತ್ರದಲ್ಲಿ ಎಕ್ಸ್‌ಎಂಎಲ್ ಡೇಟಾಬೇಸ್ ಅನ್ನುವುದನ್ನು ಕೂಡಿಸಿದರು. ಒಂದೊಂದು ಸುದ್ದಿಯೂ ಒಂದು ದಾಖಲೆ, ಪ್ರತಿ ದಾಖಲೆಗೂ ಒಂದು ಹೆಸರು, ಒಂದೇ ಬಗೆಯ ದಾಖಲೆಗಳಿಗೆ ಒಂದು ಡಬ್ಬಿ. ದಾಖಲೆಯ ಒಳಗೆ ಊರು, ವ್ಯಕ್ತಿ, ಮದುವೆ, ನಿಧನ ಹೀಗೆ ಏನೇ ಬಂದರೂ ಅದರ ಹಿಂದೊಂದು ಮುಂದೊಂದು ಗುರುತಿನ ಚೀಟಿ. ಹೀಗೆ ಹಾಕಿಟ್ಟರೆ ಬೇಕಾದಾಗ ಬೇಕಾದ್ದನ್ನು ಯಂತ್ರವೇ ಹುಡುಕಿ ಕೊಡುತ್ತದೆ ಅಂತ ಎರಡು ದಿನ ಹೇಳಿಕೊಟ್ಟರು. ಕೊನೆಗೆ, ತಿಳೀತೇನು ಅಂದರು. ತಿಳೀತ್ರಿ ಅಂದೆ. ಮುಂದಿನ ಎಲ್ಲ ಅವಮಾನಗಳೂ ಆ ಒಂದು ‘ತಿಳೀತ್ರಿ’ಯ ಹೊಟ್ಟೆಯಿಂದಲೇ ಹುಟ್ಟಿದವು.

ರಾಜೂರಿನ ಎಮ್ಮೆ

ದಾಖಲೆಗೆ ಹೆಸರಿಡಬೇಕಲ್ಲ, ನಾನು ಊರಿನ ಹೆಸರೇ ಇಟ್ಟೆ. ರಾಜೂರಿನಿಂದ ಸುದ್ದಿ ಬಂದರೆ ಅದಕ್ಕೆ ‘ರಾಜೂರ’. ಸೂಡಿಯಿಂದ ಬಂದರೆ ‘ಸೂಡಿ’. ಯಂತ್ರ ಒಂದು ಮಾತೂ ಕೇಳದೆ ಎಲ್ಲವನ್ನೂ ತೆಗೆದುಕೊಂಡಿತು. ಎಷ್ಟು ಸಭ್ಯ ಯಂತ್ರ ಅಂದುಕೊಂಡೆ. ಅದೇ ಹೆಸರಿನಲ್ಲಿ ಹೊಸದನ್ನು ಸೇರಿಸಿದರೆ ಹಳೆಯದನ್ನು ಒರೆಸಿ ಅದೇ ಜಾಗದಲ್ಲಿ ಹೊಸದನ್ನು ಕೂಡಿಸುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಆರೇಳು ತಿಂಗಳ ಮೇಲೆ ರಾಜೂರಿನ ಹಿರಿಯರೊಬ್ಬರು ಬಂದರು. ಅವರೇ ಮುಂದೆ ನಿಂತು ಊರಲ್ಲಿ ವಾಚನಾಲಯ ತೆರೆಸಿದ್ದರು. ಅದರ ಸುದ್ದಿ ನಮ್ಮಲ್ಲಿ ಬಂದಿತ್ತು. ಆ ವರ್ಷ ಊರಲ್ಲಿ ನಡೆದ ಎಲ್ಲ ಒಳ್ಳೆಯ ಕೆಲಸಗಳ ಸುದ್ದಿಯನ್ನು ಒಟ್ಟುಮಾಡಿ, ಕಟ್ಟು ಹಾಕಿಸಿ, ವಾಚನಾಲಯದಲ್ಲಿ ಇಡುವ ಆಸೆ ಅವರದು. ಸಂಪಾದಕರು ಬಹಳ ಠೀವಿಯಿಂದ, ಈಗ ಎಲ್ಲಾ ಕಂಪ್ಯೂಟರದಾಗ ಐತ್ರಿ, ಒಂದು ನಿಮಿಷದಾಗ ಬರತೈತಿ ಅಂದು ನನ್ನ ಕಡೆ ನೋಡಿದರು.

ನಾನು ‘ರಾಜೂರ’ ಅಂತ ಹುಡುಕಿದೆ. ಒಂದು ನಿಮಿಷವೂ ಬೇಕಾಗಲಿಲ್ಲ. ಒಂದೇ ಒಂದು ದಾಖಲೆ ಬಂತು. ಅಚ್ಚು ಹಾಕಿ ಕೊಟ್ಟೆ. ಹಿರಿಯರು ಕನ್ನಡಕ ಏರಿಸಿಕೊಂಡು ಓದಿದರು. ‘ಕಪ್ಪು ಬಣ್ಣದ, ಒಂದು ಕೋಡು ಮುರಿದ ಎಮ್ಮೆ ಕಳೆದಿದೆ. ಕಂಡವರು ತಿಳಿಸಬೇಕು.’

ಅವರು ಕಾಗದವನ್ನು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ.

“ವರ್ಷಾನಗಟ್ಟಲೆ ನಮ್ಮೂರಾಗ ಆಗಿದ್ದು ಇದೊಂದ ಏನವಾ ತಂಗಿ?” ಅಂದರು.

ಅವರು ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಬಾಗಿಲ ತನಕ ಹೋದವರು ತಿರುಗಿ ನಿಂತು, “ಅದೂ ಮರುದಿನಾನ ಸಿಕ್ಕಿತ್ತು” ಅಂದರು.

ಅಪ್ಪನ ಅಂಗಡಿ

ಊರಲ್ಲಿ ಪಾತ್ರೆ ಅಂಗಡಿಯ ಸಾಹುಕಾರರೊಬ್ಬರಿದ್ದರು. ನಮ್ಮ ಅಬ್ಬಾನ ಪರಿಚಯದವರು. ಅವರ ಜಾಹೀರಾತು ಪ್ರತಿವಾರ ಕೊನೆಯ ಪುಟದಲ್ಲಿ ಬರುತ್ತಿತ್ತು. ಅಂಗಡಿಯ ಹೆಸರಿನಲ್ಲಿ ಅವರ ಹೆಸರು, ಆಮೇಲೆ ಅಂಡ್ ಅನ್ನುವುದಕ್ಕೆ ಬರೆಯುವ ಆ ಸುರುಳಿ ಗುರುತು, ಆಮೇಲೆ ‘ಸನ್ಸ್’. ಆ ಸುರುಳಿ ಗುರುತಿಗೆ ಯಂತ್ರದ ಒಳಗೆ ಬೇರೆಯೇ ಏನೋ ಅರ್ಥವಿದೆಯಂತೆ. ಅದಿದ್ದರೆ ದಾಖಲೆಯನ್ನು ಒಳಗೇ ಬಿಟ್ಟುಕೊಳ್ಳಲೊಲ್ಲದು. ಬೆಳಗಿನಿಂದ ನಾಲ್ಕು ಸಲ ಸೇರಿಸಿದೆ, ನಾಲ್ಕು ಸಲವೂ ತಿರುಗಿ ಒಗೆಯಿತು. ಐದನೆಯ ಸಲ ನಾನು ಗುರುತನ್ನು ತೆಗೆದೆ. ಗುರುತು ಹೋದ ಮೇಲೆ ಸನ್ಸ್ ಒಂದೇ ಒಂಟಿಯಾಗಿ ಕೆಟ್ಟದಾಗಿ ಕಂಡಿತು. ಅದನ್ನೂ ತೆಗೆದೆ. ದಾಖಲೆ ಸುಮ್ಮನೆ ಒಳಗೆ ಹೋಯಿತು. ಆ ವಾರದ ಪುಟವನ್ನು ಅಲ್ಲಿಂದಲೇ ಎತ್ತಿ ಅಚ್ಚಿಗೆ ಕಳಿಸಿದೆವು.

ಅವರ ಮನೆಯಲ್ಲಿ ಅಪ್ಪನಿಗೂ ಇಬ್ಬರು ಮಕ್ಕಳಿಗೂ ಮಾತು ಬಿಟ್ಟುಹೋಗಿ ತಿಂಗಳಾಗಿತ್ತು ಅನ್ನುವುದು ನನಗೇನು ಗೊತ್ತು? ಪತ್ರಿಕೆ ಹೊರಬಿದ್ದ ದಿನ ಇಬ್ಬರು ಮಕ್ಕಳೂ ನಮ್ಮ ಆಫೀಸಿಗೆ ಬಂದರು. ಸಿಟ್ಟಿನಿಂದ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖ ಬಾಡಿತ್ತು. ನಮ್ಮ ಅಬ್ಬಾಜಾನ್ ಹೇಳಿ ತೆಗೆಸಿದರೋ, ನಿಮ್ಮದೇ ಕೈತಪ್ಪೋ, ಖರೇ ಹೇಳಿಬಿಡು ಅಂತ ದೊಡ್ಡವರು ಕೇಳಿದರು. ನನ್ನದೇ ತಪ್ಪು ಅಂದೆ. ಸಣ್ಣವರು ನಂಬಲಿಲ್ಲ. ನೀ ಅಬ್ಬಾಜಾನರ ಮರ್ಯಾದಿ ಕಾಯಾಕ ಸುಳ್ಳು ಹೇಳಾಕತ್ತೀ ಅಂದು ಹೊರಟೇ ಹೋದರು.

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನೇ ಅಂಗಡಿಗೆ ಹೋದೆ. ಆ ಹೊತ್ತಿಗೆ ಮಕ್ಕಳಿಬ್ಬರೂ ಒಳಗೆ ಪಾತ್ರೆ ಒರೆಸಿ ಜೋಡಿಸುತ್ತಿದ್ದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, ಮುಂದಿನ ವಾರ ತಿದ್ದಿ ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ ಅಂತ ಕೈಮುಗಿದೆ.

ಅವರು ಒಳಗೆ ಒಮ್ಮೆ ನೋಡಿ, ದನಿ ಇಳಿಸಿದರು. “ಬೇಟಾ, ಹತ್ತು ಗಂಟೆ ಆದ್ರೂ ಏಳದವರು ಎರಡು ದಿನದಿಂದ ನನಗಿಂತ ಮೊದಲ ಬಂದು ಬಾಗಿಲಾ ತಗಿಯಾಕತ್ಯಾರ. ಇನ್ನೊಂದೆರಡು ವಾರ ಹಂಗ ಇರಲಿ.”

ಲಕ್ಕಲಕಟ್ಟಿಯ ಅಕ್ಕ

ಇದು ಚಿಕ್ಕದು, ಆದರೆ ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಲಕ್ಕಲಕಟ್ಟಿಯ ಪಂಚಾಯ್ತಿ ಸದಸ್ಯೆಯೊಬ್ಬರು ಬಂದು, ನಿಮ್ಮ ಪತ್ರಿಕೆಯವರು ನಮ್ಮೂರಿನ ಸುದ್ದಿ ಹಾಕುವುದೇ ಇಲ್ಲ ಅಂತ ಜಗಳ ತೆಗೆದರು. ಸಂಪಾದಕರು ನಗುತ್ತಲೇ, ನಾವು ಹೇಳೂದು ಬ್ಯಾಡ್ರಿ ಅಕ್ಕಾರ, ಕಂಪ್ಯೂಟರ್ ಹೇಳಲಿ, ಅದು ಸುಳ್ಳು ಹೇಳೂದಿಲ್ಲ ಅಂದರು. ನಾನು ಊರಿನ ಹೆಸರು ಹೊಡೆದೆ. ಸೊನ್ನೆ ಬಂತು.

ರಾಜೂರಿನ ಪಾಠದ ಮೇಲೆ ಒಂದೊಂದು ಸುದ್ದಿಗೂ ಬೇರೆ ಹೆಸರಿಡುತ್ತಿದ್ದೆ, ಸುದ್ದಿಗಳೇನೋ ಬೇಕಾದಷ್ಟಿದ್ದವು. ಆದರೆ ಊರಿನ ಹೆಸರನ್ನು ನಾನು ಒಂದು ಕಡೆ ‘ಲಕ್ಲಕಟ್ಟಿ’, ಇನ್ನೊಂದು ಕಡೆ ‘ಲಕ್ಕಲ ಕಟ್ಟಿ’, ಮತ್ತೊಂದು ಕಡೆ ‘ಲಕ್ಕಲಕಟಿ’ ಅಂತ ಹೊಡೆದಿದ್ದೆ. ಸರಿಯಾಗಿ ಒಮ್ಮೆಯೂ ಹೊಡೆದಿರಲಿಲ್ಲ. ಸಂಪಾದಕರು ಇನ್ನೊಮ್ಮೆ ನೋಡು ಅಂದರು. ಇನ್ನೊಮ್ಮೆಯೂ ಸೊನ್ನೆ.

ಆ ಅಕ್ಕನವರು ಸೆರಗು ಸರಿಮಾಡಿಕೊಂಡು ಎದ್ದು, “ನೀವ ಸುಳ್ಳು ಹೇಳ್ತೀರಿ. ನಿಮ್ಮ ಮಷೀನು ಭಾಳ ಸಜ್ಜನ ಐತಿ” ಅಂದು ಯಂತ್ರಕ್ಕೆ ನಮಸ್ಕಾರ ಮಾಡಿ ಹೋದರು.

ನರಗುಂದದ ಮಾಸ್ತರರ ಕವನ

ನರಗುಂದದಲ್ಲಿ ನಮ್ಮ ವರದಿಗಾರರಾಗಿದ್ದವರು ನಿವೃತ್ತ ಮಾಸ್ತರರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಸುದ್ದಿ ಕೊಡುತ್ತಿದ್ದರು, ಜೊತೆಗೆ ಒಂದು ಕವನವನ್ನೂ ಕೊಡುತ್ತಿದ್ದರು. ಮಾಸ್ತರರಿಗೆ ಇಲ್ಲ ಅನ್ನುವ ಧೈರ್ಯ ಸಂಪಾದಕರಿಗೆ ಇರಲಿಲ್ಲ, ಕವನ ಅಚ್ಚು ಹಾಕುವ ಧೈರ್ಯವೂ ಇರಲಿಲ್ಲ. ಹಾಗಾಗಿ ಆ ಕವನಗಳನ್ನು ಕಂಪ್ಯೂಟರಿನಲ್ಲಿ ‘ಮುಂದಿನದು’ ಅನ್ನುವ ಡಬ್ಬಿಯಲ್ಲಿ ಸೇರಿಸಿ ಇಡು ಅಂದಿದ್ದರು. ನಾನು ಸೇರಿಸುತ್ತಿದ್ದೆ. ಸೇರಿಸಿದ ಮೇಲೆ ಕೈಬರಹದ ಹಾಳೆಗಳನ್ನು ಯಾರು ಕಾಯುತ್ತಾರೆ? ಚಹಾದ ಲೋಟದ ಕೆಳಗೆ ಹಾಕಿ ಮುಗಿಸಿದೆವು.

ಒಂದು ದಿನ ಸಂಪಾದಕರ ಅಳಿಯ ಫೋನ್ ಮಾಡಿ, ನಾನು ಕಲಿಸುವಾಗ ಮಾಡಿದ ‘ಮಾದರಿ’ ಡಬ್ಬಿ ಖಾಲಿ ಬಿದ್ದಿದೆ, ಅಳಿಸಿಬಿಡು ಅಂದರು. ‘ಮಾದರಿ’ಯ ಕೆಳಗೇ ‘ಮುಂದಿನದು’ ಇತ್ತು. ನನ್ನ ಬೆರಳು ಒಂದು ಸಾಲು ಕೆಳಗೆ ಬಿತ್ತು. ಖಚಿತವೇ ಅಂತ ಯಂತ್ರ ಕೇಳಿತು. ನಾನು ಯಾವಾಗಲೂ ಖಚಿತವಾಗಿಯೇ ಇರುವವಳು, ಹೌದು ಅಂದೆ.

ಇದನ್ನು ಮಾತ್ರ ಮುಚ್ಚಿಡಬಾರದು ಅನ್ನಿಸಿತು. ಮುಂದಿನ ವಾರ ಮಾಸ್ತರರು ಬಂದಾಗ ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ನಿಮ್ಮ ಕವನಗಳನ್ನೆಲ್ಲ ಕಳೆದುಬಿಟ್ಟೆ ಅಂದೆ. ಹೇಳುವಾಗ ಕಣ್ಣೀರು ಬಂತು. ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, ಅಳಬ್ಯಾಡವಾ, ನನ್ನ ತಲಿಯೊಳಗ ಅದಾವು, ಬರಕೋ ಅಂದರು.

ಅಂದಿನಿಂದ ಒಂದು ವಾರ ದಿನವೂ ಬಂದು ಹೇಳಿ ಬರೆಸಿದರು. ಕಳೆದುಹೋದಾಗ ನಾಲ್ಕು ಸಾಲು ಇದ್ದದ್ದು ತಿರುಗಿ ಬರುವಾಗ ಹನ್ನೆರಡು ಸಾಲಾಗಿತ್ತು. ಒಳಗಿನ ಕೋಣೆಯಿಂದ ಸಂಪಾದಕರು ನನ್ನನ್ನು ನೋಡುತ್ತಿದ್ದ ನೋಟವನ್ನು ನಾನು ಬಣ್ಣಿಸಲಾರೆ.

ಕೊನೆಯ ದಿನ ಒಂದೇ ಕವನ ಉಳಿಯಿತು. ಅದು ಅವರ ಹೆಂಡತಿ ತೀರಿಕೊಂಡಾಗ ಬರೆದದ್ದು. ಸಣ್ಣ ಕವನ. ಮೂರು ಸಾಲು ಹೇಳಿದರು, ನಾಲ್ಕನೆಯದು ಬರಲಿಲ್ಲ. ಕಣ್ಣು ಮುಚ್ಚಿ ನೆನೆಸಿದರು, ಎದ್ದು ಬಾಗಿಲ ತನಕ ಹೋಗಿ ಬಂದರು, ಆದರೂ ಬರಲಿಲ್ಲ. ನನ್ನ ಕೈ ಕೀಲಿಮಣೆಯ ಮೇಲೆಯೇ ಇತ್ತು. ಅದನ್ನು ಎತ್ತಿಡುವ ಧೈರ್ಯವೂ ನನಗಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅಂತಾರಲ್ಲ, ಅವತ್ತು ನನಗೆ ಅದರ ಅರ್ಥ ತಿಳಿಯಿತು.

ಕೊನೆಗೆ ಅವರೇ ನನ್ನ ಸ್ಥಿತಿ ನೋಡಿ ನಕ್ಕರು. “ಬಿಡು ತಂಗಿ. ಆ ಸಾಲಿನ್ಯಾಗ ಅಕಿ ಮಾಡೂ ಸಾರಿನ ಬಗ್ಗೆ ಒಂದು ಖರೇ ಮಾತು ಬರದಿದ್ದೆ. ನೀ ಕಳೀಲಿಲ್ಲ, ಅಕೀನ ಬಂದು ತಗೊಂಡು ಹೋಗ್ಯಾಳ.”

ಒಂದು ನಿಮಿಷದ ಮೌನ

ಪತ್ರಿಕೆಗೆ ಹತ್ತು ವರ್ಷ ತುಂಬಿದಾಗ ಸಂಪಾದಕರು ವಿಶೇಷ ಸಂಚಿಕೆ ತರಬೇಕು ಅಂದರು. ಅದರಲ್ಲಿ ‘ನಮ್ಮನ್ನು ಅಗಲಿದವರು’ ಅಂತ ಒಂದು ಪುಟ. ಕಂಪ್ಯೂಟರಿನಲ್ಲಿ ನಿಧನದ ಚೀಟಿ ಇರುವ ಹೆಸರುಗಳನ್ನೆಲ್ಲ ತೆಗೆದು ಊರಿನ ಸಮೇತ ಪಟ್ಟಿ ಮಾಡುವ ಕೆಲಸ ನನ್ನದು. ಪ್ರತಿ ಚೀಟಿಗೂ ಇಲ್ಲಿಂದ ಶುರು ಅಂತ ಒಂದು, ಇಲ್ಲಿಗೆ ಮುಗಿಯಿತು ಅಂತ ಒಂದು ಗುರುತು ಇರುತ್ತದೆ. ಎರಡರ ನಡುವೆ ಇರುವವರೆಲ್ಲ ತೀರಿಕೊಂಡವರು ಅಂತ ಯಂತ್ರದ ತಿಳಿವಳಿಕೆ. ಪಟ್ಟಿ ಚೊಕ್ಕವಾಗಿ ಬಂತು. ಹೆಸರಿನ ಪಟ್ಟಿಯಲ್ಲಿ ತಿದ್ದುವುದೇನಿದೆ ಅಂತ ಹಾಗೆಯೇ ಅಚ್ಚಿಗೆ ಕಳಿಸಿದೆ.

ಬಿಡುಗಡೆ ಸಮಾರಂಭ ರೋಣದಲ್ಲಿ. ಅಲ್ಲಿಯ ಸಹಕಾರಿ ಸಂಘವೊಂದರ ಅಧ್ಯಕ್ಷರೇ ಮುಖ್ಯ ಅತಿಥಿಗಳು. ಸಂಘದ ಉಪಾಧ್ಯಕ್ಷರೂ ವೇದಿಕೆಯ ಮೇಲೆ ಪಕ್ಕದಲ್ಲೇ ಇದ್ದರು. ಮೊದಲು ಅಗಲಿದವರ ಹೆಸರು ಓದಿ ಒಂದು ನಿಮಿಷ ಮೌನ ಆಚರಿಸೋಣ, ಅಧ್ಯಕ್ಷರೇ ಓದಲಿ ಅಂತ ಸಂಪಾದಕರು ಅಂದರು. ಅಧ್ಯಕ್ಷರು ಸಂಚಿಕೆ ಬಿಚ್ಚಿ ಓದತೊಡಗಿದರು. ಜನ ತಲೆ ತಗ್ಗಿಸಿ ನಿಂತರು.

ನಾನು ಹಿಂದಿನ ಸಾಲಿನಲ್ಲಿ ನಿಂತು ನನ್ನ ಪ್ರತಿಯಲ್ಲಿ ಬೆರಳಿಟ್ಟು ಹೆಮ್ಮೆಯಿಂದ ಅನುಸರಿಸುತ್ತಿದ್ದೆ. ಅವರಿಗಿಂತ ಮೂರು ಹೆಸರು ಮುಂದಿದ್ದೆ. ಅಲ್ಲೇ ಅದು ಕಣ್ಣಿಗೆ ಬಿತ್ತು. ಸೂಡಿಯ ಒಬ್ಬ ಹಳೆಯ ಟಪಾಲು ಸಿಬ್ಬಂದಿಯ ಹೆಸರು, ಅದರ ಕೆಳಗೆ ರೋಣದ ಅಧ್ಯಕ್ಷರ ಹೆಸರು.

ಹೇಗಾಯಿತು ಅನ್ನುವುದೂ ಆ ಕ್ಷಣವೇ ಹೊಳೆಯಿತು. ಒಂದು ವಾರ ಆ ಟಪಾಲಿನವರು ತೀರಿಕೊಂಡ ಸುದ್ದಿಯ ಕೆಳಗೇ, ಇವರು ಮತ್ತೆ ಅಧ್ಯಕ್ಷರಾಗಿದ್ದಕ್ಕೆ ಅಭಿನಂದನೆ ಬಂದಿತ್ತು. ಎರಡನ್ನೂ ಒಂದೇ ದಾಖಲೆಯಲ್ಲಿ ಹೊಡೆದಿದ್ದೆ. ನಿಧನದ ಚೀಟಿ ಎಲ್ಲಿಯೂ ಮುಗಿದಿಲ್ಲ ಅಂತ ಯಂತ್ರ ದಾಖಲೆಯನ್ನು ತಿರುಗಿ ಒಗೆದಿತ್ತು. ಬಸ್ಸಿಗೆ ಹೊತ್ತಾಗಿದೆ ಅಂತ ನಾನು ಮುಗಿಯುವ ಗುರುತನ್ನು ಲಗೂನ ಎಲ್ಲಕ್ಕಿಂತ ಕೊನೆಗೆ ಹಾಕಿದ್ದೆ. ಅಭಿನಂದನೆಯೂ ಅಧ್ಯಕ್ಷರೂ ಒಳಗೇ ಉಳಿದಿದ್ದರು.

ಓಡಿ ಹೋಗಿ ಮೈಕ್ ಕಸಿದುಕೊಳ್ಳಲೇ ಅನ್ನಿಸಿತು. ಅಷ್ಟರಲ್ಲಿ ಅವರು ಟಪಾಲಿನವರ ಹೆಸರು ಓದಿದರು. ಆಮೇಲೆ ಅದೇ ದನಿಯಲ್ಲಿ ತಮ್ಮ ಹೆಸರನ್ನೂ ಓದಿದರು. ಓದಿ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಪುಟವನ್ನು ಇನ್ನೊಮ್ಮೆ ನೋಡಿ, ತಲೆ ಎತ್ತಿ ಸಭೆಯನ್ನು ಒಮ್ಮೆ ನೋಡಿದರು. ಸಭೆ ತಗ್ಗಿಸಿದ ತಲೆಯನ್ನು ಎತ್ತಲಿಲ್ಲ. ಅವರು ಉಳಿದ ಹೆಸರುಗಳನ್ನೂ ಓದಿ ಮುಗಿಸಿದರು. ಆಮೇಲೆ ಕೈಕಟ್ಟಿ, ತಮಗೂ ಸೇರಿ, ಒಂದು ನಿಮಿಷ ಮೌನ ಆಚರಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಸಂಪಾದಕರೂ ನಾನೂ ವೇದಿಕೆಯ ಹಿಂದೆ ಅವರ ಮುಂದೆ ಹೋಗಿ ನಿಂತೆವು. ತಪ್ಪು ನನ್ನದು ಅಂತ ನಾನೇ ಮುಂದೆ ಬಂದು ಹೇಳಿದೆ, ಕಾಲು ಮುಟ್ಟಲು ಬಾಗಿದೆ. ಅವರು ತಡೆದರು. ಉಪ್ಪಿಟ್ಟಿನ ತಟ್ಟೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡು ಹೇಳಿದರು.

“ಸತ್ತ ಮ್ಯಾಲ ಮಂದಿ ಹ್ಯಾಂಗ ಇರ್ತಾರಂತ ನೋಡೂ ಆಸೆ ಎಲ್ಲಾರಿಗೂ ಇರತೈತಿ ತಂಗಿ. ನೀ ನನಗ ತೋರಿಸಿದಿ. ನನ್ನ ಹೆಸರು ಓದಿದಾಗ ಅಷ್ಟು ಮಂದ್ಯಾಗ ಒಬ್ಬಾವನೂ ತಲೀ ಎತ್ತಲಿಲ್ಲ.”

ಆಮೇಲೆ ದೂರದಲ್ಲಿ ಚಹಾ ಕುಡಿಯುತ್ತಿದ್ದ ಉಪಾಧ್ಯಕ್ಷರ ಕಡೆ ನೋಡಿದರು.

“ಅವರೊಬ್ಬರ ಎತ್ತಿದ್ರು. ಆ ಮಾರೀ ಮ್ಯಾಲಿನ ಕಳಾ ನೋಡಿ, ನಾ ಇನ್ನೂ ಬದುಕಿದ್ದ ತಪ್ಪಾತೇನೋ ಅನ್ನಿಸಿಬಿಡ್ತು.”