ಹೊಗಳಿದವರ ಮೇಲೆ ಅನುಮಾನ

ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಸಂತೋಷ ಆಮೇಲೆ, ಬಿಡುವಿದ್ದರೆ. ಇದು ಹುಟ್ಟುಗುಣವಲ್ಲ. ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ, ವಿರಾಜಪೇಟೆ ಹತ್ತಿರದ ಕಾಫಿ ತೋಟದಲ್ಲಿ ರೈಟರಾಗಿದ್ದಾಗ ಅಂಟಿಕೊಂಡದ್ದು. ರೈಟರೆಂದರೆ ಸಾಹಿತಿಯಲ್ಲ, ಆಳುಗಳ ಹಾಜರಿ ಬರೆಯುವವನು. ಸೋಮವಾರಪೇಟೆ ಕಡೆಯಿಂದ ಹೆಂಡತಿ ನೀಲಮ್ಮನೊಂದಿಗೆ, ಒಂದು ಹಳೆಯ ಹಾರ್ಮೋನಿಯಂ ಹೊತ್ತುಕೊಂಡು ಅಲ್ಲಿಗೆ ಹೋಗಿದ್ದೆ. ನನ್ನೊಳಗೆ ಕಲಾವಿದನಿದ್ದಾನೆಂದು ನನಗೆ ಖಾತರಿಯಿತ್ತು. ಯಾವ ಕಲೆಯವನೆಂಬುದಷ್ಟೇ ಇತ್ಯರ್ಥವಾಗಿರಲಿಲ್ಲ.

ಸಂಜೆ ಕೆಲಸ ಮುಗಿಸಿ ಬಂದು ಹಾರ್ಮೋನಿಯಂ ಮುಂದೆ ಕೂರುತ್ತಿದ್ದೆ. ಬೇಲಿಯಾಚೆ ನಿವೃತ್ತ ಸುಬೇದಾರ್ ಪೂವಯ್ಯನವರ ಮನೆ, ಅವರ ಕಿತ್ತಳೆ ಮರಗಳು. ಕೆಲವು ವಾರ ಸಹಿಸಿಕೊಂಡು ಒಂದು ದಿನ ಅವರು ಬಣ್ಣದ ಪೆಟ್ಟಿಗೆ ಹಿಡಿದು ಬಂದರು. "ರೈಟ್ರೇ, ನಿಮ್ಮ ಬೆರಳು ನೋಡ್ತಾ ಇದ್ದೆ. ಅದು ಚಿತ್ರ ಬರೆಯುವ ಬೆರಳು. ಹಾರ್ಮೋನಿಯಂ ಮೇಲಿಟ್ಟು ಹಾಳು ಮಾಡ್ಬೇಡಿ" ಎಂದರು. ಮಿಲಿಟರಿಯವರು ಸುಳ್ಳು ಹೇಳುವುದಿಲ್ಲವೆಂದು ನಂಬಿ, ಬಟ್ಟೆಯ ಮೇಲೆ ಅವರದೇ ಆಳೆತ್ತರದ ಚಿತ್ರ ಬರೆದುಕೊಟ್ಟೆ. ಬಹಳ ಹೊತ್ತು ನೋಡಿ, "ಮೀಸೆ ಸರಿ ಇದೆ" ಎಂದು ಸುತ್ತಿಕೊಂಡು ಹೋದರು.

ಮನೆಯಲ್ಲಿ ಟರ್ಪೆಂಟೈನ್ ವಾಸನೆ ಸಾರಿಗೂ ಹತ್ತಿದಾಗ ನೀಲಮ್ಮ ಹೇಳಿದಳು: "ಅಲ್ಲಾರೀ, ಇಂಥ ಗಂಟಲು ಇಟ್ಕೊಂಡು ಸುಮ್ನೆ ಬಣ್ಣ ಕಲಸ್ತಾ ಕೂತಿದೀರಲ್ಲ. ಪೇಟೇಲಿ ನಾಟಕ ಆಡ್ತಾರಂತೆ, ಸೇರ್ಕಳಿ." ಸೇರಿದೆ. ಮಂತ್ರಿಯ ಪಾತ್ರ ಸಿಕ್ಕಿತು. ರಂಗದ ಮೇಲೆ ಉತ್ಸಾಹ ಹೆಚ್ಚಾಗಿ ರಾಜನ ಮಾತುಗಳನ್ನೂ ನಾನೇ ಹೇಳಿಬಿಟ್ಟೆ. ಪಾಪ, ರಾಜ ಪರದೆ ಬೀಳುವವರೆಗೂ ತಲೆಯಾಡಿಸುತ್ತ ಕೂತಿದ್ದ. ಮಾರನೆಯ ದಿನ ನಾಟಕದ ಮೇಷ್ಟ್ರು ನನ್ನ ಭುಜ ತಟ್ಟಿ, "ನೀವು ಜೇಡಿಮಣ್ಣಿನ ಬೊಂಬೆ ಮಾಡಿ ಸಾರ್, ಆ ಕೈಯಲ್ಲಿ ಏನೋ ಇದೆ" ಎಂದರು.

ಆಗ ತಲೆಗೆ ಹೊಳೆಯಿತು. ನಾನು ಯಾವ ಕಲೆ ಹಿಡಿದರೂ ಇವರಿಗೆಲ್ಲ ನನ್ನಲ್ಲಿ ಬೇರೊಂದೇ ಕಲೆ ಕಾಣುವುದೇಕೆ? ಅಂದಹಾಗೆ, ಸುಬೇದಾರರ ಚಿತ್ರ ಎಲ್ಲಿ? ಕಿತ್ತಳೆ ಕೇಳುವ ನೆಪದಲ್ಲಿ ಹೋದೆ. ಪಡಸಾಲೆಯ ಗೋಡೆಯಲ್ಲಿ ಕೋವಿಯಿತ್ತು, ಜಿಂಕೆಕೊಂಬಿತ್ತು, ಚಿತ್ರವಿರಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಸುಬೇದಾರರು ಕಿತ್ತಳೆ ಮರದಲ್ಲಿ ಹಗ್ಗದಿಂದ ನೇತಾಡುತ್ತಿದ್ದರು.

ಹಿಂದೆಯೇ ಬಂದ ಪೂವಯ್ಯನವರು ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಬೇಡಿ ರೈಟ್ರೇ. ಈ ಚಿತ್ರ ಕಟ್ಟಿದ ಮೇಲೆ ಒಂದು ಮಂಗಾನೂ ಈ ಕಡೆ ಬರಲಿಲ್ಲ. ಮೊದಲು ನಾನೇ ನಿಂತ್ರೂ ಬರ್ತಿದ್ದವು" ಎಂದರು.

ಕಿತ್ತಳೆ ಕೇಳದೆಯೇ ಮನೆಗೆ ಹೊರಟೆ. ದಾರಿಯಲ್ಲಿ, ಮಂಗಗಳಾದರೂ ಹೋಲಿಕೆ ಗುರುತಿಸಿದವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವು ನಿಜವಾದ ಸುಬೇದಾರರಿಗೆ ಹೆದರುತ್ತಿರಲಿಲ್ಲ ಎಂಬ ಮಾತು ನೆನಪಾಗಿ ಆ ಸಮಾಧಾನವೂ ಉಳಿಯಲಿಲ್ಲ.

ನೀಲಮ್ಮನನ್ನು ನೇರವಾಗಿ ಕೇಳಿಯೇಬಿಟ್ಟೆ. "ನನಗೆ ಯಾವುದೂ ಬರಲ್ಲ ಅಂತ ನಿಂಗೆ ಗೊತ್ತಿತ್ತಾ?"

ಅವಳು ಒಲೆ ಊದುವುದನ್ನು ನಿಲ್ಲಿಸಿದಳು. "ಬರಲ್ಲ ಅಂದಿದ್ರೆ ನೀವು ಊಟ ಬಿಟ್ಟು ಮಲಗ್ತಿದ್ರಿ. ಬೇರೇದು ಮಾಡಿ ಅಂದ್ರೆ ಮಾರನೇ ದಿನ ಹುಡುಗನ ಥರ ಏಳ್ತಿದ್ರಿ. ಅದನ್ನ ನೋಡೋಕೆ ನಂಗೆ ಚೆನ್ನಾಗಿರ್ತಿತ್ತು." ಊದುಗೊಳವೆ ಮತ್ತೆ ಕೈಗೆತ್ತಿಕೊಂಡು ಸೇರಿಸಿದಳು: "ಬರೆದು ನೋಡಿ. ಅದಕ್ಕೆ ಸದ್ದಿಲ್ಲ, ವಾಸನೇನೂ ಇಲ್ಲ."

ಹಾಗೆ ಬರೆಯಲು ಕೂತೆ, ಇದೇ ಕಥೆಯನ್ನು. ಅವಳು ಹಿಂದೆ ನಿಂತು ಓದುತ್ತ ಓದುತ್ತ ನಗತೊಡಗಿದಳು. ನನಗೆ ಮತ್ತೆ ಅನುಮಾನ.

"ನಗ್ತಾ ಇರೋದು ಬರಹಕ್ಕೋ, ನನಗೋ?"

"ಅವೆರಡೂ ಬೇರೆ ಬೇರೇನಾ?" ಎಂದಳು.